ಆರು ಪ್ರಶ್ನೆ ಬರೆದುಕೊಂಡ ಹುಡುಗಿ

ನಮ್ಮಲ್ಲಿ ಎಂಬಿಬಿಎಸ್ ಸೀಟಿಗೆ ಸಾಮಾನ್ಯವಾಗಿ ಯಾರೂ ಸಂದರ್ಶನ ಮಾಡುವುದಿಲ್ಲ. ನೀಟ್ ರ‍್ಯಾಂಕ್ ಬಂತು, ಕೌನ್ಸೆಲಿಂಗ್ ಆಯಿತು, ಸೀಟು ಸಿಕ್ಕಿತು ಅಥವಾ ಸಿಗಲಿಲ್ಲ, ಅಷ್ಟೇ. ಆದರೆ ಪುಣೆಯ ಸಶಸ್ತ್ರ ಪಡೆಗಳ ವೈದ್ಯಕೀಯ ಕಾಲೇಜು, ಅಂದರೆ ಎಎಫ್‌ಎಂಸಿಯ ದಾರಿ ಬೇರೆ. ನೀಟ್ ಅಂಕಗಳ ಮೇಲೆ ಆಯ್ದವರನ್ನು ಅವರು ಪುಣೆಗೆ ಕರೆಸುತ್ತಾರೆ. ಇಂಗ್ಲಿಷ್ ಮತ್ತು ತರ್ಕದ ಪರೀಕ್ಷೆ, ಮನೋವೈಜ್ಞಾನಿಕ ಪರೀಕ್ಷೆ, ಆಮೇಲೆ ಎದುರು ಕೂರಿಸಿ ಸಂದರ್ಶನ. ಈ ವರ್ಷ ನನ್ನ ತಂಗಿಗೆ ಆ ಕರೆ ಬಂತು.

ಧಾರವಾಡದ ನಮ್ಮ ಮನೆಯ ಪಡಸಾಲೆಯಲ್ಲಿ ನಾನೇ ಸಂದರ್ಶಕಿಯಾಗಿ ಕುರ್ಚಿ ಹಾಕಿಕೊಂಡು ಕೂತೆ. ಮೊದಲ ಪ್ರಶ್ನೆ ಎಲ್ಲರಿಗೂ ಗೊತ್ತಿರುವುದೇ: ನೀನು ಯಾಕೆ ಡಾಕ್ಟರ್ ಆಗಬೇಕು? ತಂಗಿ ಒಂದೇ ಉಸಿರಿಗೆ ಬಡವರ ಸೇವೆ, ದೇಶದ ಸೇವೆ, ಚಿಕ್ಕಂದಿನ ಕನಸು ಎಂದು ಹೇಳಿ ಮುಗಿಸಿದಳು. ಎಲ್ಲಿ ಓದಿದೆ ಎಂದು ಕೇಳಿದೆ. ಮೊಬೈಲ್ ತೋರಿಸಿದಳು. ನಗಲು ನನಗೂ ಬಾಯಿ ಇರಲಿಲ್ಲ. ಮುಂದಿನ ಸೆಮಿಸ್ಟರಿಗೆ ನಮ್ಮ ಕಾಲೇಜಿಗೆ ಕಂಪನಿಗಳು ಬರುತ್ತವೆ. ನಿಮ್ಮ ಬಗ್ಗೆ ಹೇಳಿ ಎಂಬ ಪ್ರಶ್ನೆಗೆ ಸೀನಿಯರ್ ಒಬ್ಬರು ಬರೆದುಕೊಟ್ಟ ಎಂಟು ಸಾಲನ್ನು ನಾನೂ ಬಾಯಿಪಾಠ ಮಾಡಿದ್ದೆ.

ಆ ವಾರ ಅವಳಿಗಾಗಿ ಏನೇನೋ ಹುಡುಕುತ್ತಿದ್ದಾಗ ಸಿಕ್ಕವಳು ಆನಂದಿಬಾಯಿ ಜೋಶಿ. ಹೆಸರು ನಮಗೆಲ್ಲ ಗೊತ್ತು. ಪಾಶ್ಚಾತ್ಯ ವೈದ್ಯಕೀಯ ಪದವಿ ಪಡೆದ ಭಾರತದ ಮೊದಲ ಮಹಿಳೆಯರಲ್ಲಿ ಒಬ್ಬಳು ಎಂದು ಸಾಮಾನ್ಯ ಜ್ಞಾನದ ಪುಸ್ತಕದಲ್ಲಿ ಒಂದು ಸಾಲು ಓದಿರುತ್ತೇವೆ. ಆ ಸಾಲಿನ ಹಿಂದೆ ಇದ್ದದ್ದು ನನಗಿಂತ ಚಿಕ್ಕ ವಯಸ್ಸಿನ ಒಬ್ಬ ಹುಡುಗಿ ಎಂಬುದು ನನಗೆ ಗೊತ್ತಿರಲಿಲ್ಲ.

ಆಕೆ ಹುಟ್ಟಿದ್ದು 1865ರ ಮಾರ್ಚ್ 31ರಂದು. ಮುಂಬೈ ಹತ್ತಿರದ ಕಲ್ಯಾಣದ ಬ್ರಾಹ್ಮಣ ಮನೆತನ. ತವರಿನ ಹೆಸರು ಯಮುನಾ. ಒಂಬತ್ತನೇ ವಯಸ್ಸಿಗೆ ಮದುವೆಯಾಯಿತು. ಗಂಡ ಗೋಪಾಲರಾವ್ ಜೋಶಿ ಅಂಚೆ ಇಲಾಖೆಯ ನೌಕರ, ವಿಧುರ, ಆಕೆಗಿಂತ ಸುಮಾರು 20 ವರ್ಷ ದೊಡ್ಡವ. ಮದುವೆಯಲ್ಲಿ ಇಟ್ಟ ಹೆಸರೇ ಆನಂದಿ.

ಗೋಪಾಲರಾವ್ ವಿಚಿತ್ರ ಮನುಷ್ಯ. ಹೆಂಡತಿ ಓದಲೇಬೇಕೆಂಬುದು ಅವನ ಹಟ. ಆ ಕಾಲದಲ್ಲಿ ಹೆಂಡತಿ ಪುಸ್ತಕ ಹಿಡಿದರೆ ಬೈಯುವ ಗಂಡಂದಿರಿದ್ದರು, ಇವನು ಪುಸ್ತಕ ಬಿಟ್ಟರೆ ಸಿಟ್ಟಾಗುತ್ತಿದ್ದ. ಸಿಟ್ಟು ಬರೀ ಮಾತಿನದಲ್ಲ, ಕೈಯೂ ಮಾಡುತ್ತಿದ್ದ. ಚಿಕ್ಕ ಹುಡುಗಿಯಾಗಿದ್ದಾಗ ತಾನು ತಿಂದ ಪೆಟ್ಟನ್ನು ಆನಂದಿ ಮುಂದೆ ಅವನಿಗೇ ಬರೆದ ಪತ್ರದಲ್ಲಿ ನೆನಪಿಸಿದ್ದಾಳೆ. ತನ್ನ ಓದಿಗೆ ಅವನೇ ಕಾರಣ ಎಂಬ ಕೃತಜ್ಞತೆಯೂ ಅದೇ ಪತ್ರಗಳಲ್ಲಿದೆ. ಎರಡೂ ನಿಜ. ಹೆಂಡತಿಯನ್ನು ಓದಿಸಿದ ಆದರ್ಶ ಗಂಡ ಎಂದು ಅವನ ಕತೆ ಹೇಳುವವರು ಮೊದಲ ಅರ್ಧವನ್ನು ಬಿಟ್ಟುಬಿಡುತ್ತಾರೆ. ನನಗೆ ಬಿಡಲು ಆಗಲಿಲ್ಲ.

14ನೇ ವಯಸ್ಸಿಗೆ ಆನಂದಿ ತಾಯಿಯಾದಳು. ಗಂಡು ಮಗು. ಹತ್ತು ದಿನಕ್ಕೆ ತೀರಿಕೊಂಡಿತು. ಗಂಡಸು ವೈದ್ಯರ ಮುಂದೆ ಹೆಂಗಸರು ಹೋಗದ, ಹೆಂಗಸು ವೈದ್ಯರು ಇಲ್ಲವೇ ಇಲ್ಲ ಎನ್ನಬಹುದಾದ ಕಾಲ ಅದು. ಬಾಣಂತಿಗೆ ಏನಾಯಿತು, ಮಗುವಿಗೆ ಏನಾಯಿತು ಎಂದು ನೋಡಿ ಹೇಳುವವರು ಮನೆಯ ಹಿರಿಯ ಹೆಂಗಸರು ಮತ್ತು ಸೂಲಗಿತ್ತಿ ಮಾತ್ರ. ವೈದ್ಯಳಾಗಬೇಕೆಂಬ ಆಕೆಯ ನಿರ್ಧಾರದ ಬೇರು ಇಲ್ಲಿದೆ.

ಗೋಪಾಲರಾವ್‌ಗೆ ವರ್ಗಾವಣೆ ಆಗುತ್ತಲೇ ಇತ್ತು. ಹೆಂಡತಿಯ ಓದಿಗೆ ಅನುಕೂಲವಾಗುವ ಊರನ್ನು ಅವನೂ ಹುಡುಕುತ್ತಿದ್ದ. ಅಲೀಬಾಗ್ ಆಯಿತು, ಆಮೇಲೆ ಕೊಲ್ಲಾಪುರ. ನಾವು ಧಾರವಾಡದವರಿಗೆ ಕೊಲ್ಲಾಪುರ ದೂರದ ಊರಲ್ಲ. ಬೆಳಗಾವಿ, ನಿಪ್ಪಾಣಿ ದಾಟಿದರೆ ಬಂತು. ಮಹಾಲಕ್ಷ್ಮಿ ಗುಡಿಗೆಂದು ಎಷ್ಟು ಸಲ ಹೋಗಿದ್ದೇವೋ. ಆನಂದಿಯ ಬದುಕಿನಲ್ಲಿ ಆ ಊರು ಎರಡು ಸಲ ಬರುತ್ತದೆ. ಮೊದಲನೆಯದು ಇದು: ಹೆಂಡತಿಯನ್ನು ಅಮೆರಿಕಕ್ಕೆ ಕಳಿಸಿ ಓದಿಸಬೇಕು, ಸಹಾಯ ಮಾಡಿ ಎಂದು ಗೋಪಾಲರಾವ್ ಕೊಲ್ಲಾಪುರದಲ್ಲಿದ್ದಾಗ ಅಮೆರಿಕದ ಮಿಷನರಿ ವೈಲ್ಡರ್ ಎಂಬುವರಿಗೆ ಪತ್ರ ಬರೆದ. ಕ್ರೈಸ್ತರಾದರೆ ನೋಡೋಣ ಎಂಬರ್ಥದ ಉತ್ತರ ಬಂತು. ಗಂಡ ಹೆಂಡತಿ ಒಪ್ಪಲಿಲ್ಲ. ಆದರೆ ಆ ಪತ್ರವ್ಯವಹಾರವನ್ನು ವೈಲ್ಡರ್ ತಮ್ಮ ಪತ್ರಿಕೆಯಲ್ಲಿ ಅಚ್ಚು ಹಾಕಿದರು.

1880ರಲ್ಲಿ ಅಮೆರಿಕದ ನ್ಯೂಜೆರ್ಸಿಯ ರೋಸೆಲ್ ಎಂಬ ಊರಿನ ಥಿಯೊಡಿಶಿಯಾ ಕಾರ್ಪೆಂಟರ್ ಎಂಬ ಗೃಹಿಣಿ ಹಲ್ಲಿನ ಡಾಕ್ಟರ ಬಳಿ ಸರದಿ ಕಾಯುತ್ತ ಕೂತಿದ್ದರು. ಹೊತ್ತು ಹೋಗಲೆಂದು ಕೈಗೆ ಸಿಕ್ಕ ಪತ್ರಿಕೆ ತೆರೆದರೆ ಅದರಲ್ಲಿ ಈ ಪತ್ರಗಳು. ಗುರುತು ಪರಿಚಯವಿಲ್ಲದ ಹುಡುಗಿಗೆ ಅವರು ಪತ್ರ ಬರೆದರು. ಆನಂದಿ ಉತ್ತರಿಸಿದಳು. ಮೂರು ವರ್ಷ ಪತ್ರಗಳು ಸಮುದ್ರ ದಾಟಿ ಓಡಾಡಿದವು. ಆನಂದಿ ಅವರನ್ನು ಮಾವ್ಶಿ ಎಂದು ಕರೆಯತೊಡಗಿದಳು. ನಮ್ಮ ಕಡೆ ಮೌಶಿ ಎನ್ನುತ್ತೇವಲ್ಲ, ಅದೇ. ಅವ್ವನ ಅಕ್ಕತಂಗಿಯರಿಗೆ ಹೇಳುವ ಹೆಸರು.

ಇಷ್ಟರಲ್ಲಿ ಗಂಡನಿಗೆ ಬಂಗಾಳಕ್ಕೆ ವರ್ಗವಾಗಿತ್ತು. ಕೋಲ್ಕತ್ತ ಬಳಿ ಹೂಗ್ಲಿ ನದಿಯ ದಂಡೆಯ ಮೇಲಿರುವ ಸೆರಾಂಪುರ. ಆನಂದಿ ಅಮೆರಿಕಕ್ಕೆ ಹೋಗುವುದು ಖಚಿತವಾದಾಗ ಸುತ್ತ ಗುಲ್ಲೆದ್ದಿತು. ಬ್ರಾಹ್ಮಣರ ಹೆಣ್ಣುಮಗಳು, ಗಂಡನನ್ನು ಬಿಟ್ಟು, ಸಮುದ್ರ ದಾಟಿ, ಮ್ಲೇಚ್ಛರ ನಾಡಿಗೆ! ಸಂಪ್ರದಾಯಸ್ಥರು ವಿರೋಧಿಸಿದರು. ಹೋಗುವುದಾದರೆ ಕ್ರೈಸ್ತಳಾಗಿ ಹೋಗು ಎನ್ನುವವರು ಇನ್ನೊಂದು ಕಡೆ.

ಆಗ ಆಕೆ ಮಾಡಿದ ಕೆಲಸವೇ ನನ್ನನ್ನು ಹಿಡಿದು ನಿಲ್ಲಿಸಿದ್ದು. 1883ರ ಫೆಬ್ರುವರಿ 24ರಂದು ಸೆರಾಂಪುರ ಕಾಲೇಜಿನ ಸಭಾಂಗಣದಲ್ಲಿ ತುಂಬಿದ ಸಭೆಯ ಎದುರು ನಿಂತು ಆನಂದಿ ಇಂಗ್ಲಿಷಿನಲ್ಲಿ ಭಾಷಣ ಮಾಡಿದಳು. 18 ತುಂಬಲು ಇನ್ನೂ ಐದು ವಾರ ಇತ್ತು. ಜನ ತನ್ನ ಬೆನ್ನ ಹಿಂದೆ ಕೇಳುತ್ತಿದ್ದ ಪ್ರಶ್ನೆಗಳನ್ನೆಲ್ಲ ಒಟ್ಟು ಮಾಡಿ, ಆರು ಪ್ರಶ್ನೆಗಳಾಗಿ ಸಾಲಿಗೆ ಇಟ್ಟು, ಒಂದೊಂದಾಗಿ ತಾನೇ ಕೇಳಿಕೊಂಡು ತಾನೇ ಉತ್ತರಿಸಿದಳು. ವೈದ್ಯಕೀಯ ಕಾಲೇಜಿನ ಯಾವ ಸಂದರ್ಶನವೂ ಇದಕ್ಕಿಂತ ಕಠಿಣವಾಗಿ ಇರಲಾರದು.

ಮೊದಲನೆಯದು, ಅಮೆರಿಕಕ್ಕೆ ಯಾಕೆ? ಈ ದೇಶಕ್ಕೆ ಹಿಂದೂ ಹೆಂಗಸು ವೈದ್ಯರು ಬೇಕಾಗಿದ್ದಾರೆ, ಪರಪುರುಷನಿಗೆ ಮೈ ತೋರಿಸಲು ನಾಚುವ ಹೆಂಗಸರು ಚಿಕಿತ್ಸೆಯಿಲ್ಲದೆ ನರಳುತ್ತಿದ್ದಾರೆ, ವಿದೇಶದಿಂದ ಬರುವ ವೈದ್ಯೆಯರಿಗೆ ನಮ್ಮ ಭಾಷೆ, ರೀತಿ ರಿವಾಜು ತಿಳಿಯವು ಎಂಬುದು ಆಕೆಯ ಉತ್ತರ.

ಎರಡನೆಯದು, ಇಲ್ಲೇ ಓದಲು ಬರುವುದಿಲ್ಲವೇ? ಮದ್ರಾಸಿನಲ್ಲಿ ಒಂದು ಕಾಲೇಜಿದೆ, ಉಳಿದ ಕಡೆ ಸೂಲಗಿತ್ತಿ ತರಬೇತಿ ಇದೆ, ಅಷ್ಟು ಸಾಲದು ಎಂದಳು. ಹಿಂದೂ ಹೆಣ್ಣುಮಗಳು ಪುಸ್ತಕ ಹಿಡಿದು ಬೀದಿಗೆ ಇಳಿದರೆ ಜನ ಹೇಗೆ ನೋಡುತ್ತಾರೆ, ನಗುತ್ತಾರೆ, ಕಾಡುತ್ತಾರೆ ಎಂಬುದನ್ನು ತನ್ನ ಅನುಭವದಿಂದಲೇ ವಿವರಿಸಿದಳು. ಹಾಗೆ ನಕ್ಕವರ ಜಾತಿಯವರೇ ಆ ಸಭೆಯಲ್ಲೂ ಕೂತಿದ್ದಿರಬೇಕು.

ಮೂರನೆಯದು, ಒಬ್ಬಳೇ ಯಾಕೆ? ಗಂಡನ ಸಂಬಳದ ಮೇಲೆ ಮನೆಯ ಹಿರಿಯರು, ತಮ್ಮಂದಿರು ಬದುಕಬೇಕು, ಅವನು ನೌಕರಿ ಬಿಟ್ಟು ಬರಲಾಗದು ಎಂದು ಮನೆಯ ಲೆಕ್ಕವನ್ನೇ ಬಿಚ್ಚಿಟ್ಟಳು. ನಾಲ್ಕನೆಯದು, ಮರಳಿ ಬಂದಾಗ ಜಾತಿಯಿಂದ ಹೊರಗೆ ಹಾಕಿದರೆ? ಅಲ್ಲಿಯೂ ಇಲ್ಲಿಯ ಹಾಗೆಯೇ ಉಣ್ಣುತ್ತೇನೆ, ಉಡುತ್ತೇನೆ, ಹಿಂದೂವಾಗಿ ಹೋಗಿ ಹಿಂದೂವಾಗಿ ಬರುತ್ತೇನೆ, ಹಾಗಿದ್ದೂ ಹಾಕುವುದಾದರೆ ಈಗಲೇ ಹಾಕಲಿ ಎಂಬ ಧೈರ್ಯ. ಐದನೆಯದು, ಕೆಟ್ಟದ್ದು ಏನಾದರೂ ಆದರೆ? ಆಪತ್ತು ಮನೆಯಲ್ಲಿ ಕೂತವರನ್ನೂ ಬಿಡುವುದಿಲ್ಲ ಎಂಬುದು ಅದರ ಉತ್ತರದ ಸಾರ.

ಆರನೆಯದು ಎಲ್ಲಕ್ಕಿಂತ ಹಳೆಯ ಪ್ರಶ್ನೆ. ಯಾವ ಹೆಣ್ಣೂ ಮಾಡದ್ದನ್ನು ನೀನೇ ಯಾಕೆ ಮಾಡಬೇಕು? ಇದಕ್ಕೆ ಆಕೆ ಮನುವನ್ನೇ ಸಾಕ್ಷಿಗೆ ಕರೆದಳು. ಕರ್ತವ್ಯ ಬಿಡುವುದು ಪಾಪವೆಂದು ಶಾಸ್ತ್ರ ಹೇಳುತ್ತಿರುವಾಗ, ಬೇರೆಯವರು ಮಾಡಿಲ್ಲ ಎಂಬ ಕಾರಣಕ್ಕೆ ಮಾಡಬೇಡ ಅನ್ನುವುದು ಎಂಥ ನ್ಯಾಯ ಎಂಬುದು ಆಕೆಯ ವಾದ. ಎದುರಾಳಿಯ ಪುಸ್ತಕದಿಂದಲೇ ಉತ್ತರ.

ಏಪ್ರಿಲ್ 7ರಂದು ಕೋಲ್ಕತ್ತದಿಂದ ಹಡಗು ಹತ್ತಿದಳು. ಜೂನ್ ಮೊದಲ ವಾರ ನ್ಯೂಯಾರ್ಕಿನಲ್ಲಿ ಇಳಿದಾಗ ಕರೆದೊಯ್ಯಲು ಮೌಶಿ ಬಂದಿದ್ದರು. ರೋಸೆಲ್‌ನ ಅವರ ಮನೆಯಿಂದಲೇ ಫಿಲಡೆಲ್ಫಿಯಾದ ಪೆನ್ಸಿಲ್ವೇನಿಯಾ ಮಹಿಳಾ ವೈದ್ಯಕೀಯ ಕಾಲೇಜಿಗೆ ಅರ್ಜಿ ಹಾಕಿದಳು. 1850ರಲ್ಲಿ ಶುರುವಾದ ಆ ಕಾಲೇಜು ಹೆಂಗಸರಿಗೆ ವೈದ್ಯಕೀಯ ಕಲಿಸುವ ಜಗತ್ತಿನ ಮೊದಲ ಸಂಸ್ಥೆಗಳಲ್ಲಿ ಒಂದು. ರಸಾಯನಶಾಸ್ತ್ರದ ಪ್ರಾಧ್ಯಾಪಕಿ ರೇಚಲ್ ಬಾಡ್ಲಿ ಅದರ ಡೀನ್.

ಆನಂದಿಯ ಅರ್ಜಿ ಪತ್ರವನ್ನು ಸಂದರ್ಶನಕ್ಕೆ ಹೋಗುವ ಪ್ರತಿಯೊಬ್ಬರೂ ತಿಳಿದುಕೊಳ್ಳಬೇಕು. ತನ್ನ ವಯಸ್ಸು, ಆರೋಗ್ಯ, ಕಲಿತದ್ದೆಷ್ಟು ಎಂಬುದನ್ನು ಇದ್ದದ್ದು ಇದ್ದ ಹಾಗೆ ಬರೆದಳು. ಪ್ರವೇಶಕ್ಕೆ ಬೇಕಾದ ಎಲ್ಲ ಅರ್ಹತೆ ತನ್ನಲ್ಲಿ ಇಲ್ಲದಿರಬಹುದು ಎಂದು ತಾನೇ ಒಪ್ಪಿಕೊಂಡಳು. ಕೊರತೆಯನ್ನು ಮುಚ್ಚಲಿಲ್ಲ, ಅದರ ಎದುರು ಎರಡು ಸಂಗತಿ ಇಟ್ಟಳು. ಒಂದು, ಸ್ನೇಹಿತರು ಮತ್ತು ಜಾತಿಯವರ ವಿರೋಧ ದಾಟಿ ಇಲ್ಲಿಯವರೆಗೆ ಬಂದ ತನ್ನ ಹಟ. ಇನ್ನೊಂದು, ಗಂಡಸು ವೈದ್ಯನ ಕೈಗೆ ಸಿಗುವುದಕ್ಕಿಂತ ಸಾವೇ ಲೇಸು ಎಂದುಕೊಂಡಿರುವ ತನ್ನ ನಾಡಿನ ಹೆಂಗಸರು. ಕಾಲೇಜು ಆಕೆಯನ್ನು ಸೇರಿಸಿಕೊಂಡಿತು, ವಿದ್ಯಾರ್ಥಿವೇತನವನ್ನೂ ಕೊಟ್ಟಿತು.

ಮೂರು ವರ್ಷ ಸುಖದ್ದಲ್ಲ. ಫಿಲಡೆಲ್ಫಿಯಾದ ಚಳಿ, ಸೀರೆ, ಸಸ್ಯಾಹಾರ. ಸೆರಾಂಪುರದಲ್ಲಿ ಕೊಟ್ಟ ಮಾತನ್ನು ಆಕೆ ಮುರಿಯಲಿಲ್ಲ. ಅದರ ಬೆಲೆಯನ್ನು ದೇಹ ತೆತ್ತಿತು. ಆರೋಗ್ಯ ಕೆಡುತ್ತ ಬಂತು, ಕೊನೆಗೆ ಅದು ಕ್ಷಯವೆಂದು ತಿಳಿಯಿತು. ಊರಿನಿಂದ ಬರುವ ಗಂಡನ ಪತ್ರಗಳಲ್ಲಿ ಚುಚ್ಚುಮಾತು ಬೇರೆ. ಓದಿಸಲು ಹಟ ಹಿಡಿದವನಿಗೇ ಓದಿದ ಹೆಂಡತಿಯ ಬಗ್ಗೆ ಅನುಮಾನ, ಅಸಮಾಧಾನ. ಆಕೆ ಉತ್ತರ ಬರೆದಳು, ಓದನ್ನು ನಿಲ್ಲಿಸಲಿಲ್ಲ. 1885ರಲ್ಲಿ ತೆಗೆದ ಒಂದು ಫೋಟೊ ಇದೆ. ಮೂವರು ವಿದ್ಯಾರ್ಥಿನಿಯರು ತಮ್ಮ ತಮ್ಮ ನಾಡಿನ ಉಡುಗೆಯಲ್ಲಿದ್ದಾರೆ: ಸೀರೆಯಲ್ಲಿ ಆನಂದಿ, ಕಿಮೋನೊದಲ್ಲಿ ಜಪಾನಿನ ಕೇಯಿ ಒಕಾಮಿ, ಜೊತೆಗೆ ಸಿರಿಯಾದ ಸಬಾತ್ ಇಸ್ಲಾಂಬೂಲಿ. ಆ ಫೋಟೊದಲ್ಲಿ ಯಾರೂ ನಗುತ್ತಿಲ್ಲ. ಆದರೂ ನೋಡಿದಷ್ಟೂ ಖುಷಿಯಾಗುತ್ತದೆ.

ಪ್ರಾಚೀನ ಹಿಂದೂಗಳಲ್ಲಿ ಪ್ರಸೂತಿ ವೈದ್ಯ ಎಂಬುದು ಆಕೆ ಬರೆದ ಪ್ರಬಂಧದ ವಿಷಯ. ಹತ್ತು ದಿನದ ಮಗುವನ್ನು ಕಳೆದುಕೊಂಡವಳು ಬೇರೆ ಯಾವ ವಿಷಯ ಆರಿಸಿಕೊಂಡಾಳು? 1886ರ ಮಾರ್ಚ್ 11ರಂದು ಎಂ.ಡಿ. ಪದವಿ ಸಿಕ್ಕಿತು. ಗೋಪಾಲರಾವ್ ಬಂದಿದ್ದ. ಪಂಡಿತಾ ರಮಾಬಾಯಿ ಇಂಗ್ಲೆಂಡಿನಿಂದ ಬಂದಿದ್ದರು. ವಿಕ್ಟೋರಿಯಾ ರಾಣಿಯಿಂದಲೂ ಅಭಿನಂದನೆ ಬಂತು. ಅದೇ ವರ್ಷ ಕೋಲ್ಕತ್ತದಲ್ಲಿ ಕಾದಂಬಿನಿ ಗಂಗೂಲಿ ಕೂಡ ವೈದ್ಯೆಯಾದರು.

ಕೊಲ್ಲಾಪುರ ಎರಡನೇ ಸಲ ಬರುವುದು ಈಗ. ಯಾವ ಊರಿನಿಂದ ಮೊದಲ ಪತ್ರ ಹೊರಟಿತ್ತೋ ಅದೇ ಊರಿನ ಸಂಸ್ಥಾನ ಆಕೆಗೆ ನೌಕರಿ ಕೊಟ್ಟಿತು. ಆಲ್ಬರ್ಟ್ ಎಡ್ವರ್ಡ್ ಆಸ್ಪತ್ರೆಯ ಮಹಿಳಾ ವಾರ್ಡಿನ ವೈದ್ಯಾಧಿಕಾರಿ. ಆನಂದಿ ಒಪ್ಪಿಕೊಂಡಳು. ಆದರೆ 1886ರ ನವೆಂಬರಿನಲ್ಲಿ ಮುಂಬೈಗೆ ಬಂದಿಳಿದಾಗ ಮೈಯಲ್ಲಿ ಶಕ್ತಿ ಉಳಿದಿರಲಿಲ್ಲ. 1887ರ ಫೆಬ್ರುವರಿ 26ರಂದು ಪುಣೆಯಲ್ಲಿ ತೀರಿಕೊಂಡಳು. 22 ತುಂಬಲು ಒಂದು ತಿಂಗಳು ಬಾಕಿ ಇತ್ತು. ಸೆರಾಂಪುರದ ಭಾಷಣಕ್ಕೆ ನಾಲ್ಕು ವರ್ಷ ಎರಡು ದಿನ. ಕೊಲ್ಲಾಪುರದ ವಾರ್ಡಿಗೆ ಆಕೆ ಕಾಲಿಡಲೇ ಇಲ್ಲ. ಚಿತಾಭಸ್ಮವನ್ನು ಮೌಶಿಗೆ ಕಳಿಸಲಾಯಿತು. ನ್ಯೂಯಾರ್ಕ್ ರಾಜ್ಯದ ಪೊಕಿಪ್ಸಿಯಲ್ಲಿ, ಕಾರ್ಪೆಂಟರ್ ಮನೆತನದವರ ಸಮಾಧಿಗಳ ನಡುವೆ ಅದು ಇಂದಿಗೂ ಇದೆ.

ಇಷ್ಟನ್ನು ತಂಗಿಗೆ ಹೇಳಿದಾಗ ಅವಳು ಕೇಳಿದ ಮೊದಲ ಮಾತು, ಹಾಗಾದರೆ ಎಲ್ಲ ವ್ಯರ್ಥ ಆಯಿತಲ್ಲ ಅಕ್ಕಾ ಎಂದು. ನನಗೆ ತಕ್ಷಣ ಉತ್ತರ ಹೊಳೆಯಲಿಲ್ಲ. ಅದೇ ಕಾಲೇಜಿನಿಂದ 1892ರಲ್ಲಿ ಗುರುಬಾಯಿ ಕರ್ಮರ್ಕರ್ ವೈದ್ಯೆಯಾಗಿ ಬಂದು ಮುಂಬೈಯಲ್ಲಿ ವರ್ಷಾನುಗಟ್ಟಲೆ ಕೆಲಸ ಮಾಡಿದರು. ಲಂಡನ್ನಿನಲ್ಲಿ ಓದಿದ ರಖಮಾಬಾಯಿ ಸೂರತ್ತಿನಲ್ಲಿ ಆಸ್ಪತ್ರೆ ನಡೆಸಿದರು. ಇಂದು ಹುಬ್ಬಳ್ಳಿಯಲ್ಲಿ ನಾವು ಕಿಮ್ಸ್ ಎಂದೇ ಕರೆಯುವ ಆಸ್ಪತ್ರೆಯ ಮುಂದೆ ಬಸ್ಸಿಗೆ ಕಾಯುವಾಗ ಬಿಳಿ ಕೋಟು ತೋಳಿನ ಮೇಲೆ ಹಾಕಿಕೊಂಡ ಹುಡುಗಿಯರು ಗುಂಪು ಗುಂಪಾಗಿ ನಿಂತಿರುತ್ತಾರೆ, ಯಾರೂ ತಿರುಗಿ ನೋಡುವುದಿಲ್ಲ. ಯಾರೂ ತಿರುಗಿ ನೋಡದಂತೆ ಆದದ್ದೇ ದೊಡ್ಡದು ಎಂದೆ. ತಂಗಿ ಪೂರ್ತಿ ಒಪ್ಪಲಿಲ್ಲ. ಒಪ್ಪಬೇಕಾಗಿಯೂ ಇಲ್ಲ. 21 ವರ್ಷದವಳ ಸಾವಿಗೆ ಸಮಾಧಾನ ಹೇಳುವುದು ಸುಲಭವಲ್ಲ.

ಆದರೆ ಆ ರಾತ್ರಿ ಅವಳು ಮೊಬೈಲಿನ ಉತ್ತರ ಬಿಟ್ಟಳು. ತನ್ನನ್ನು ಕಾಡುವ ಆರು ಪ್ರಶ್ನೆ ಬರೆದುಕೊಂಡಳು. ಯಾಕೆ ಡಾಕ್ಟರ್ ಎಂಬುದರ ಕೆಳಗೆ ಬಹಳ ಹೊತ್ತು ಏನೂ ಬರೆಯಲಿಲ್ಲ. ಆಮೇಲೆ ನಮ್ಮ ಅಜ್ಜಿಯ ಹೆಸರು ಬರೆದಳು.

ಅಜ್ಜಿ ಹಳ್ಳಿಯಲ್ಲಿದ್ದಳು. ಎದೆಯಲ್ಲಿ ಗಂಟಾಗಿದ್ದನ್ನು ಎರಡು ವರ್ಷ ಮುಚ್ಚಿಟ್ಟಳು. ಹತ್ತಿರದಲ್ಲಿದ್ದ ಡಾಕ್ಟರ್ ಗಂಡಸು, ಅವರ ಮುಂದೆ ಸೆರಗು ಸರಿಸುವುದು ಹೇಗೆ ಎಂಬುದೊಂದೇ ಕಾರಣ. ಮಗನಿಗೆ ಹೇಳಲಿಲ್ಲ, ಸೊಸೆಗೂ ಹೇಳಲಿಲ್ಲ. ಸೂಟಿಗೆ ಹೋದಾಗ ಎಂಟನೇ ಇಯತ್ತೆಯ ತಂಗಿಗೆ ಬಚ್ಚಲಲ್ಲಿ ತೋರಿಸಿದಳು. ಅಷ್ಟೊತ್ತಿಗೆ ತಡವಾಗಿತ್ತು. ಆನಂದಿ 1883ರಲ್ಲಿ ಅರ್ಜಿಯಲ್ಲಿ ಬರೆದ ಹೆಂಗಸು ನಮ್ಮ ಮನೆಯಲ್ಲೇ ಇದ್ದಳು. ಇದು ಮನೆಯ ಮಾತು, ಸಂದರ್ಶನದಲ್ಲಿ ಹೇಳುವುದಲ್ಲ ಎಂದು ತಂಗಿ ಇಷ್ಟು ದಿನ ಅಂದುಕೊಂಡಿದ್ದಳು.

ಆರನೇ ಪ್ರಶ್ನೆ ಅವಳಿಗೆ ಮೂರು ದಿನ ತಿಂದಿತು. ಹಳ್ಳಿಯ ಹೆಂಗಸರಿಗೆ ವೈದ್ಯೆ ಬೇಕೆನ್ನುವವಳು ಸೈನ್ಯದ ಸಮವಸ್ತ್ರ ಯಾಕೆ ಹಾಕಬೇಕು? ಕೇಳಿದ್ದು ನಾನೇ, ಸ್ವಲ್ಪ ನಿಷ್ಠುರವಾಗಿಯೇ. ಕೊನೆಗೆ ಅವಳು ಕಂಡುಕೊಂಡದ್ದು ಇಷ್ಟು: ಸೈನ್ಯದ ಆಸ್ಪತ್ರೆಗೆ ಬರುವವರು ಸೈನಿಕರಷ್ಟೇ ಅಲ್ಲ, ಅವರ ಮನೆಯವರೂ. ಜವಾನರ ಹೆಂಡಂದಿರು, ತಾಯಂದಿರು ಬರುವುದು ನಮ್ಮ ಅಜ್ಜಿಯಂಥವರ ಹಳ್ಳಿಗಳಿಂದಲೇ. ಜೊತೆಗೆ, ಫೀಸು ಕಟ್ಟಿ ಓದುವ ಅನುಕೂಲ ನಮ್ಮ ಮನೆಯಲ್ಲಿಲ್ಲ ಎಂಬ ಸತ್ಯವನ್ನೂ ಸೇರಿಸಿದಳು. ಅದನ್ನು ಹೇಳಬೇಡ ಅನ್ನಲು ನಾನು ಬಾಯಿ ತೆರೆದೆ. ಮನೆಯ ಲೆಕ್ಕವನ್ನು ಸಭೆಯ ಮುಂದೆ ಇಟ್ಟ ಆನಂದಿ ನೆನಪಾಗಿ ಸುಮ್ಮನಾದೆ.

ಅಪ್ಪನ ಜೊತೆ ರಾತ್ರಿ ರೈಲಿಗೆ ಪುಣೆಗೆ ಹೋಗಿ ಬಂದಳು. ಆರರಲ್ಲಿ ಎರಡು ಪ್ರಶ್ನೆ ಕೇಳಿದರಂತೆ. ಅಜ್ಜಿಯ ವಿಷಯ ಹೇಳುವಾಗ ಧ್ವನಿ ನಡುಗಿತಂತೆ, ಆದರೆ ಮಾತು ಮರೆಯಲಿಲ್ಲವಂತೆ. ತನ್ನದೇ ಮಾತನ್ನು ಯಾರು ತಾನೇ ಮರೆಯುತ್ತಾರೆ? ಇದನ್ನು ಬರೆಯುವ ಹೊತ್ತಿಗೆ ಪಟ್ಟಿ ಬಂದಿಲ್ಲ. ಸಿಗಬಹುದು, ಸಿಗದಿರಬಹುದು. ಬೇರೆ ಕಾಲೇಜಿನ ಕೌನ್ಸೆಲಿಂಗ್ ಫಾರ್ಮನ್ನೂ ತುಂಬಿಟ್ಟಿದ್ದಾಳೆ.

ಸೀನಿಯರ್ ಕೊಟ್ಟ ಎಂಟು ಸಾಲಿನ ಹಾಳೆಯನ್ನು ನಾನು ಮಡಿಚಿ ಇಟ್ಟೆ. ಅದರ ಹಿಂಬದಿಯಲ್ಲಿ ನನ್ನ ಪ್ರಶ್ನೆಗಳನ್ನು ಬರೆಯಲು ಶುರು ಮಾಡಿದ್ದೇನೆ. ಮೂರನೇ ಸೆಮಿಸ್ಟರಿನಲ್ಲಿ ಎರಡು ವಿಷಯ ಯಾಕೆ ಉಳಿದವು? ಈ ಬ್ರಾಂಚ್ ನೀನು ಆರಿಸಿದ್ದೋ, ರ‍್ಯಾಂಕ್ ಆರಿಸಿದ್ದೋ? ನಾಲ್ಕು ಪ್ರಶ್ನೆ ಆಗಿವೆ. ಎರಡಕ್ಕೆ ಇನ್ನೂ ಉತ್ತರ ಸಿಕ್ಕಿಲ್ಲ.